ವಿಕಾಸ ಅಂದ್ರೆ ಮುನ್ನಡೆ ಅಲ್ಲ: ಎಚ್. ಜಿ. ವೆಲ್ಸ್ ಕಲಿತ ಜೀವಶಾಸ್ತ್ರ

ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಯಂತ್ರಗಳು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರ, ಮಂಗಳಗ್ರಹದವರ ಮೂರು ಕಾಲಿನ ಯುದ್ಧಯಂತ್ರ. ಆದರೆ ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಎಂದು ಅವನ ಪುಸ್ತಕಗಳಲ್ಲಿ ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಕಾಲಯಂತ್ರದ ಬಗ್ಗೆ ಸ್ವಲ್ಪ ನಿಕ್ಕಲ್, ಸ್ವಲ್ಪ ದಂತ, ಸ್ವಲ್ಪ ಸ್ಫಟಿಕ ಎಂದು ಹೇಳಿ ಮುಂದೆ ಹೋಗಿಬಿಡುತ್ತಾನೆ. ಅದೇ ಮಂಗಳದ ಜೀವಿಗಳಿಗೆ ಕರುಳು ಇದೆಯೇ, ಅವು ನಿದ್ದೆ ಮಾಡುತ್ತವೆಯೇ, ಮರಿ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆ ಬಂದರೆ ಪುಟಗಟ್ಟಲೆ ಬರೆಯುತ್ತಾನೆ.

ಕಾರಣ ಸರಳ. ಅವನು ಓದಿದ್ದು ಪ್ರಾಣಿಶಾಸ್ತ್ರ. ಹೊಟ್ಟೆಪಾಡಿಗೆ ಕಲಿಸಿದ್ದೂ ಜೀವಶಾಸ್ತ್ರವನ್ನೇ.

ಆ ಓದು ಸುಲಭಕ್ಕೆ ದಕ್ಕಿದ್ದಲ್ಲ. 1866ರಲ್ಲಿ ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ ಹುಟ್ಟಿದ ವೆಲ್ಸ್‌ನ ಅಪ್ಪ ಸಣ್ಣ ಅಂಗಡಿ ಇಟ್ಟುಕೊಂಡಿದ್ದ, ಕೆಂಟ್ ಕೌಂಟಿಗೆ ಕ್ರಿಕೆಟ್ ಆಡುತ್ತಿದ್ದ. ಅಪ್ಪನ ಕಾಲು ಮುರಿದ ಮೇಲೆ ಕ್ರಿಕೆಟ್ಟಿನ ವರಮಾನವೂ ನಿಂತಿತು. ಅಮ್ಮ ಸಸೆಕ್ಸಿನ ಅಪ್‌ಪಾರ್ಕ್ ಎಂಬ ಶ್ರೀಮಂತರ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಹುಡುಗನನ್ನು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. ಅದು ಅವನಿಗೆ ಸುತರಾಂ ಹಿಡಿಸಲಿಲ್ಲ. 1883ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಮಿಡ್‌ಹರ್ಸ್ಟ್‌ನ ಶಾಲೆಯಲ್ಲಿ ಓದುತ್ತಾ ಕಲಿಸುವ ಕೆಲಸ ಹಿಡಿದ. ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರಿಂದ ಮರುವರ್ಷವೇ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಎಂಬ ಕಾಲೇಜಿಗೆ ಸೀಟು ಸಿಕ್ಕಿತು. ಜೊತೆಗೆ ವಾರಕ್ಕೆ ಒಂದು ಗಿನಿ (ಒಂದು ಪೌಂಡಿಗಿಂತ ತುಸು ಹೆಚ್ಚು) ವಿದ್ಯಾರ್ಥಿವೇತನ.

ಅಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವನು ಟಿ. ಎಚ್. ಹಕ್ಸ್ಲಿ. ಡಾರ್ವಿನ್ ಪರವಾಗಿ ದಶಕಗಳ ಕಾಲ ವಾದಕ್ಕಿಳಿದಿದ್ದ ಆತನಿಗೆ ಆಗ ಆರೋಗ್ಯ ಕೈಕೊಟ್ಟಿತ್ತು, ಅದು ಅವನ ಕೊನೆಯ ಪಾಠದ ವರ್ಷಗಳಲ್ಲೊಂದು. ಗುರುಶಿಷ್ಯರ ನಡುವೆ ಮಾತುಕತೆ ಅಂತ ನಡೆದದ್ದು ಒಮ್ಮೆ ಬಾಗಿಲು ತೆರೆದು ಹಿಡಿದಾಗ ಹೇಳಿದ ‘ಗುಡ್ ಮಾರ್ನಿಂಗ್’ ಅಷ್ಟೆ. ಆದರೂ ತನ್ನ ಇಡೀ ಬದುಕಿನಲ್ಲಿ ಅಷ್ಟು ಕಲಿಸಿದ ವರ್ಷ ಇನ್ನೊಂದಿಲ್ಲ ಎಂದು ವೆಲ್ಸ್ ಮುಂದೆ ಆತ್ಮಕಥೆಯಲ್ಲಿ ಬರೆದ. ಆ ವರ್ಷ ಅವನು ಮೊದಲ ದರ್ಜೆಯಲ್ಲಿ ಪಾಸಾದ. ಹಕ್ಸ್ಲಿಯ ಪಾಠ ಮುಗಿದ ಮೇಲೆ ಭೌತಶಾಸ್ತ್ರ, ಭೂವಿಜ್ಞಾನದ ಪಾಠಗಳು ಬಂದವು. ಅವು ಅವನಿಗೆ ಸಪ್ಪೆ ಎನಿಸಿದವು. 1887ರಲ್ಲಿ ಫೇಲಾಗಿ ಡಿಗ್ರಿ ಇಲ್ಲದೆ ಹೊರಬಿದ್ದ.

ಇಲ್ಲೊಂದು ವಿಷಯ ಗಮನಿಸಬೇಕು. 1888ರಲ್ಲಿ, ಕಾಲೇಜಿನಲ್ಲಿದ್ದಾಗ ತಾನೇ ಶುರು ಮಾಡಲು ನೆರವಾದ ಪತ್ರಿಕೆಯಲ್ಲಿ, ಅವನು ‘ದಿ ಕ್ರಾನಿಕ್ ಆರ್ಗೋನಾಟ್ಸ್’ ಎಂಬ ಕತೆ ಬರೆದ. ಅದರಲ್ಲಿ ಕಾಲಯಂತ್ರ ಆಗಲೇ ಇತ್ತು. ಆದರೆ ಕತೆ ನಿಲ್ಲಲಿಲ್ಲ, ಅರ್ಧಕ್ಕೇ ಬಿಟ್ಟ. ಯಂತ್ರ ಕೈಯಲ್ಲಿತ್ತು, ಅದರಲ್ಲಿ ಎಲ್ಲಿಗೆ ಹೋಗಬೇಕು ಎಂಬುದು ಇನ್ನೂ ಗೊತ್ತಿರಲಿಲ್ಲ ಅಂತ ನನಗನಿಸುತ್ತದೆ.

ಎಲ್ಲಿಗೆ ಎಂಬುದನ್ನು ತೋರಿಸಿಕೊಟ್ಟಿದ್ದು ಒಂದು ಕಡಲ ಪ್ರಾಣಿ. ಸೀ ಸ್ಕ್ವರ್ಟ್ ಅಂತ ಅದರ ಹೆಸರು. ಮರಿಯಾಗಿದ್ದಾಗ ಗೊದಮೊಟ್ಟೆಯ ಹಾಗೆ ಬಾಲ ಬಡಿಯುತ್ತಾ ಈಜುತ್ತದೆ. ಬೆಳಕು ಗುರುತಿಸುವ ಒಂದು ಕಣ್ಣು ಇರುತ್ತದೆ. ಬಾಲದೊಳಗೆ, ನಮ್ಮ ಬೆನ್ನೆಲುಬು ಯಾವುದರ ಜಾಡಿನಲ್ಲಿ ಬೆಳೆಯುತ್ತದೆಯೋ ಅಂಥದೇ ಒಂದು ಮೆತ್ತನೆಯ ದಂಡ ಇರುತ್ತದೆ. ಅಂದರೆ ವಂಶದ ಲೆಕ್ಕದಲ್ಲಿ ಅದು ಬಸವನಹುಳುವಿಗಿಂತ ನಮಗೇ ಹತ್ತಿರ. ದೊಡ್ಡದಾಗುತ್ತಾ ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಳ್ಳುತ್ತದೆ. ಬಾಲ ಕರಗುತ್ತದೆ, ಕಣ್ಣು ಹೋಗುತ್ತದೆ, ಆ ದಂಡವೂ ಮಾಯವಾಗುತ್ತದೆ. ಉಳಿಯುವುದು ನೀರು ಎಳೆದುಕೊಂಡು, ಸೋಸಿ, ಹೊರಗೆ ಬಿಡುವ ಒಂದು ಚೀಲ. ಪ್ರಾಣಿಶಾಸ್ತ್ರಜ್ಞ ರೇ ಲ್ಯಾಂಕೆಸ್ಟರ್ 1880ರಲ್ಲಿ ಇಂಥ ಪ್ರಾಣಿಗಳನ್ನು ಮುಂದಿಟ್ಟುಕೊಂಡು ಒಂದು ಪುಟ್ಟ ಪುಸ್ತಕ ಬರೆದಿದ್ದ. ಊಟ, ರಕ್ಷಣೆ ಎರಡೂ ಸಲೀಸಾಗಿ ಸಿಕ್ಕರೆ ಜೀವಿಗಳು ಸರಳವಾಗುತ್ತಾ, ಇದ್ದ ಅಂಗಗಳನ್ನೂ ಕಳೆದುಕೊಳ್ಳುತ್ತಾ ಹೋಗಬಹುದು ಎನ್ನುವುದು ಅವನ ವಾದ.

ಆ ಕಾಲದ ಸಾಮಾನ್ಯ ಓದುಗರಿಗೆ ವಿಕಾಸವೆಂದರೆ ಮೇಲಕ್ಕೆ ಹತ್ತುವ ಮೆಟ್ಟಿಲು. ತುದಿಯಲ್ಲಿ ಮನುಷ್ಯ, ಅದರಲ್ಲೂ ಇಂಗ್ಲೆಂಡಿನ ಮನುಷ್ಯ. ವೆಲ್ಸ್ 1891ರಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜಿನ್’ಗೆ ಬರೆದ ‘ಜೂವಲಾಜಿಕಲ್ ರೆಟ್ರೊಗ್ರೆಶನ್’ ಎಂಬ ಲೇಖನದಲ್ಲಿ ಈ ನಂಬಿಕೆಗೇ ಕೈ ಹಾಕಿದ. ಇಳಿಯುವ ದಾರಿಯೂ ಇದೆ, ಮನುಷ್ಯನಿಗೆ ಅದರಿಂದ ವಿನಾಯಿತಿ ಏನೂ ಇಲ್ಲ ಎಂದ. ಅವನು ಮುಂದೆ ಬರೆದ ಒಳ್ಳೆಯ ಕಾದಂಬರಿಗಳಲ್ಲಿ ಬಹುಪಾಲಿಗೆ ಬೀಜ ಇರುವುದು ಇಲ್ಲೇ.

ಈ ಹೊತ್ತಿಗೆ ಅವನು ಮತ್ತೆ ಹಳಿಗೆ ಬಂದಿದ್ದ. ನಡುವೆ ಫುಟ್‌ಬಾಲ್ ಮೈದಾನದಲ್ಲಿ ಬಿದ್ದ ಏಟಿಗೆ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಶ್ವಾಸಕೋಶದಿಂದ ರಕ್ತ ಬರತೊಡಗಿತ್ತು. ಅದರ ನಡುವೆಯೇ ಶಾಲೆಯಲ್ಲಿ ಕಲಿಸುತ್ತಾ ಓದಿ, 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಪಡೆದ, ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆ. ಆಮೇಲೆ ಅಂಚೆ ಮೂಲಕ ಪರೀಕ್ಷೆಗೆ ತಯಾರು ಮಾಡುವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮೊಲ, ಕಪ್ಪೆ, ಪುಟ್ಟ ಶಾರ್ಕ್ ಜಾತಿಯ ಡಾಗ್‌ಫಿಶ್ ಇವನ್ನೆಲ್ಲ ಕುಯ್ದು ತೋರಿಸುವುದೇ ದಿನನಿತ್ಯದ ಕೆಲಸ. 1893ರಲ್ಲಿ ಬಂದ ‘ಟೆಕ್ಸ್ಟ್-ಬುಕ್ ಆಫ್ ಬಯಾಲಜಿ’ ಅವನ ಮೊದಲ ಪುಸ್ತಕಗಳಲ್ಲೊಂದು. ಕತೆಯಲ್ಲ, ಪಠ್ಯಪುಸ್ತಕ! ಅದರ ಮುಂದಿನ ಆವೃತ್ತಿಯ ಚಿತ್ರಗಳನ್ನು ಅವನ ಶಿಷ್ಯೆ ಆಮಿ ಕ್ಯಾಥರಿನ್ ರಾಬಿನ್ಸ್ ಹೊಸದಾಗಿ ಬರೆದುಕೊಟ್ಟಳು. 1895ರಲ್ಲಿ ಇಬ್ಬರೂ ಮದುವೆಯಾದರು.

1893ರ ಮೇ ತಿಂಗಳಲ್ಲಿ ಮತ್ತೆ ಜೋರಾಗಿ ರಕ್ತ ಬಂತು. ಪಾಠ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು. ಹಾಸಿಗೆಯಲ್ಲಿ ಕೂತು ಪತ್ರಿಕೆಗಳಿಗೆ ಬರೆಯುವುದೊಂದೇ ದಾರಿ ಉಳಿಯಿತು. ಅದೇ ತಿಂಗಳು ಆಕ್ಸ್‌ಫರ್ಡ್‌ನಲ್ಲಿ ಹಕ್ಸ್ಲಿ ತನ್ನ ಹೆಸರಾಂತ ಉಪನ್ಯಾಸ ಕೊಟ್ಟ. ಪ್ರಕೃತಿಯ ದಾರಿಯನ್ನು ಅನುಕರಿಸಿದರೆ ಸಮಾಜ ಒಳ್ಳೆಯದಾಗುವುದಿಲ್ಲ, ಅದಕ್ಕೆ ಎದುರು ನಿಂತರೇ ಆಗುವುದು ಎಂಬುದು ಅದರ ಸಾರ.

1895ರಲ್ಲಿ ‘ದಿ ಟೈಮ್ ಮಷೀನ್’ ಬಂತು. ಈ ಸಲ ಯಂತ್ರಕ್ಕೆ ಹೋಗಲು ಜಾಗ ಸಿಕ್ಕಿತ್ತು: ಕ್ರಿ.ಶ. 8,02,701. ಅಲ್ಲಿ ಮನುಷ್ಯ ಎರಡು ಜಾತಿಯಾಗಿ ಒಡೆದಿದ್ದಾನೆ. ನೆಲದ ಮೇಲೆ ಮುದ್ದಾದ, ಬುದ್ಧಿ ಮಂಕಾದ ಎಲಾಯ್‌ಗಳು. ನೆಲದೊಳಗೆ ಯಂತ್ರ ನಡೆಸುವ ಮೊರ್ಲಾಕ್‌ಗಳು, ಎಲಾಯ್‌ಗಳನ್ನೇ ತಿನ್ನುವವು. ಧಣಿ-ಕೂಲಿಗಳ ವರ್ಗಭೇದ ಲಕ್ಷಾಂತರ ವರ್ಷಗಳಲ್ಲಿ ದೇಹಭೇದವೇ ಆಗಿಬಿಟ್ಟಿದೆ. ಇದನ್ನು ರಾಜಕೀಯ ಕತೆಯಾಗಿ ಓದುವವರು ಜಾಸ್ತಿ, ತಪ್ಪೇನಲ್ಲ. ಆದರೆ ವೆಲ್ಸ್ ಪುಸ್ತಕದ ಒಂದು ಪ್ರತಿಯನ್ನು ಹಕ್ಸ್ಲಿಗೆ ಕಳಿಸಿ, ಜೊತೆಗಿಟ್ಟ ಪತ್ರದಲ್ಲಿ ಬೇರೆಯೇ ಹೇಳಿದ: ನೆಮ್ಮದಿಯ ಬೆನ್ನಿಗೇ ಅವನತಿ ಬರುತ್ತದೆ ಎಂಬುದು ಇದರ ಮೂಲ ವಿಚಾರ, ಅದು ಜೀವಶಾಸ್ತ್ರದ ಓದಿನಿಂದ ಬಂದದ್ದು ಅಂತ. ಅಂದರೆ ಎಲಾಯ್‌ಗಳು ಬಂಡೆಗೆ ಅಂಟಿದ ಸೀ ಸ್ಕ್ವರ್ಟ್‌ಗಳೇ ಅಲ್ವಾ? ಆ ವರ್ಷದ ಜೂನ್ ಕೊನೆಯಲ್ಲಿ ಹಕ್ಸ್ಲಿ ತೀರಿಕೊಂಡ.

1896ರ ‘ದಿ ಐಲೆಂಡ್ ಆಫ್ ಡಾಕ್ಟರ್ ಮೊರೊ’ ಇನ್ನೂ ಕಹಿ ಪುಸ್ತಕ. ಜೀವಂತ ಪ್ರಾಣಿಗಳನ್ನು ಕುಯ್ದು, ಹೊಲಿದು ಮನುಷ್ಯರ ರೂಪಕ್ಕೆ ತರುವ ವೈದ್ಯನೊಬ್ಬನ ಕತೆ. ಇಂಗ್ಲೆಂಡಿನಲ್ಲಿ ಇಂಥ ಪ್ರಯೋಗಗಳ ಬಗ್ಗೆ ಆಗಲೇ ಬಿಸಿ ಜಗಳ ನಡೆದಿತ್ತು. 1875ರ ವಿಚಾರಣಾ ಆಯೋಗದಲ್ಲಿ ಹಕ್ಸ್ಲಿಯೂ ಸದಸ್ಯನಾಗಿದ್ದ, 1876ರಲ್ಲಿ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಬಂದಿತ್ತು. ಕಾದಂಬರಿಯ ನಿರೂಪಕ ಪ್ರೆಂಡಿಕ್ ತಾನು ಹಕ್ಸ್ಲಿಯ ಕೈಕೆಳಗೆ ಜೀವಶಾಸ್ತ್ರ ಕಲಿತವನು ಎಂದು ಹೇಳಿಕೊಳ್ಳುತ್ತಾನೆ. ಮೊರೊ ತನ್ನ ಕೆಲಸವನ್ನು ಸಮರ್ಥಿಸುವ ಮಾತುಗಳಂತೂ ವೆಲ್ಸ್ ಹಿಂದಿನ ವರ್ಷ ಬರೆದ ಪ್ರಬಂಧದಿಂದಲೇ ಎತ್ತಿದ್ದು. ವಿಮರ್ಶಕರು ಹೇಸಿಗೆಪಟ್ಟುಕೊಂಡರು. ಪ್ರಾಣಿಶಾಸ್ತ್ರಜ್ಞ ಚಾಮರ್ಸ್ ಮಿಚೆಲ್ ರಕ್ತಪಾತದ ಜೊತೆಗೆ ವಿಜ್ಞಾನದ ಬಗ್ಗೆಯೂ ತಕರಾರು ತೆಗೆದ: ಒಂದು ಜಾತಿಯ ಅಂಗಾಂಶ ಇನ್ನೊಂದಕ್ಕೆ ಕಸಿಯಾಗುವುದಿಲ್ಲ ಅಂತ. ವೆಲ್ಸ್ ಸುಮ್ನೆ ಕೂರಲಿಲ್ಲ. ವೈದ್ಯಕೀಯ ಪತ್ರಿಕೆಯೊಂದರ ವರದಿ ಹಿಡಿದು ಪತ್ರ ಬರೆದ. ಕಾದಂಬರಿಕಾರನೊಬ್ಬ ಕಸಿಯ ಬಗ್ಗೆ ಹೀಗೆ ಜಗಳಕ್ಕಿಳಿಯುವುದು ಅಪರೂಪವೇ.

‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ನನ್ನ ಮಟ್ಟಿಗೆ ಅವನ ಅತ್ಯುತ್ತಮ ಪಾಠ. ಅಲ್ಲಿನ ಮಂಗಳದವರು ಬರೀ ತಲೆ ಮತ್ತು ಕೈ. ಜೀರ್ಣಾಂಗಗಳಿಲ್ಲ, ಬೇರೆ ಜೀವಿಗಳ ರಕ್ತವನ್ನು ನೇರವಾಗಿ ಮೈಗೇರಿಸಿಕೊಳ್ಳುತ್ತವೆ. ಗಂಡು ಹೆಣ್ಣು ಇಲ್ಲ, ಮರಿ ಮೊಗ್ಗಿನಂತೆ ಮೈಯಿಂದಲೇ ಒಡೆಯುತ್ತದೆ. 1893ರಲ್ಲಿ ವೆಲ್ಸ್ ಹತ್ತು ಲಕ್ಷ ವರ್ಷಗಳಾಚೆಯ ಮನುಷ್ಯ ಹೀಗೇ ಇರಬಹುದೆಂದು ಪತ್ರಿಕೆಗೆ ಬರೆದಿದ್ದ. ಕಾದಂಬರಿಯಲ್ಲಿ ಆ ಲೇಖನವನ್ನು ಯಾರೋ ಒಬ್ಬ ಅರೆಬರೆ ವಿಜ್ಞಾನ ಲೇಖಕನದೆಂದು ತಾನೇ ಗೇಲಿ ಮಾಡಿಕೊಳ್ಳುತ್ತಾನೆ. ಹಾಗಾಗಿ ಮಂಗಳದವರು ಹೊರಗಿನವರಲ್ಲ, ನಮ್ಮದೇ ಒಂದು ಭವಿಷ್ಯ. ಶುರುವಿನಲ್ಲೇ ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ಯುರೋಪಿನವರು ನಿರ್ನಾಮಕ್ಕೆ ತಳ್ಳಿದ್ದನ್ನು ನೆನಪಿಸಿ, ಮಂಗಳದವರನ್ನು ದೂರಲು ನಮಗೇನು ಹಕ್ಕಿದೆ ಎಂದು ಕೇಳುತ್ತಾನೆ. ಕೊನೆಗೆ ಅವರನ್ನು ಕೊಲ್ಲುವುದು ಫಿರಂಗಿಗಳಲ್ಲ, ಬ್ಯಾಕ್ಟೀರಿಯಾ. ರಾಬರ್ಟ್ ಕಾಕ್ ಕ್ಷಯದ ಸೂಕ್ಷ್ಮಾಣುವನ್ನು ಗುರುತಿಸಿ ಆಗ ಹದಿನಾರೇ ವರ್ಷ. ಕೆಲವರಿಗೆ ಈ ಮುಕ್ತಾಯ ಮೋಸ ಎನಿಸುತ್ತದೆ. ಆದರೆ ನಾವು ಬದುಕಿರುವುದು ನಮ್ಮ ಪೂರ್ವಜರಲ್ಲಿ ಲೆಕ್ಕವಿಲ್ಲದಷ್ಟು ಮಂದಿ ರೋಗಕ್ಕೆ ಸತ್ತು, ತಡೆದುಕೊಂಡವರು ಉಳಿದದ್ದರಿಂದ ಎನ್ನುವುದು ಅಪ್ಪಟ ಡಾರ್ವಿನ್ ವಿಚಾರ.

ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವನೇ ಎಡವಿದ ಎಂಬುದನ್ನು ಮುಚ್ಚಿಡಬಾರದು. 1901ರ ‘ಆಂಟಿಸಿಪೇಶನ್ಸ್’ನಲ್ಲಿ ಮುಂದಿನ ಸಮಾಜದ ದಕ್ಷತೆಗೆ ಹೊಂದದ ಜನ, ಜನಾಂಗಗಳು ಇಲ್ಲವಾಗಬೇಕು ಎಂಬ ಧಾಟಿಯಲ್ಲಿ ಬರೆದ. ಇಂದು ಓದಿದರೆ ಮೈ ಉರಿಯುತ್ತದೆ. 1904ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಯೂಜೆನಿಕ್ಸ್ (ಯಾರಿಗೆ ಮಕ್ಕಳಾಗಬೇಕೆಂದು ಆರಿಸಿ ಮನುಷ್ಯ ತಳಿ ಸುಧಾರಿಸುವ ವಾದ) ಕುರಿತು ಪ್ರಬಂಧ ಮಂಡಿಸಿದಾಗ, ಒಳ್ಳೆಯವರನ್ನು ಆರಿಸಿ ಮಕ್ಕಳು ಮಾಡಿಸುವುದರಿಂದ ಉಪಯೋಗವಿಲ್ಲ, ‘ಸೋತವರಿಗೆ’ ಸಂತಾನವಾಗದಂತೆ ಮಾಡುವುದೇ ದಾರಿ ಎಂದ. ವಿಚಿತ್ರ ಎಂದರೆ 1903ರಲ್ಲಿ ಇದೇ ವೆಲ್ಸ್, ಅನುವಂಶೀಯತೆಯ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ, ಮನುಷ್ಯ ತಳಿ ಸುಧಾರಣೆಗೆ ಅಷ್ಟು ಸಾಲದು ಎಂದು ವಾದಿಸಿದ್ದ. ಪ್ರಕೃತಿಗೆ ಗುರಿಯಿಲ್ಲ ಎಂದು ಕಲಿತವನು, ಹಾಗಿದ್ದರೆ ಗುರಿಯನ್ನು ನಾವೇ ಇಡೋಣ ಎಂದು ಹೊರಟ. ಯಾರ ಬೆನ್ನ ಮೇಲೆ ಎಂದು ಕೇಳಲಿಲ್ಲ. 1940ರ ‘ದಿ ರೈಟ್ಸ್ ಆಫ್ ಮ್ಯಾನ್’ ಹೊತ್ತಿಗೆ ನಿಲುವು ತಿರುಗಿತ್ತು. ಒಪ್ಪಿಗೆ ಇಲ್ಲದೆ ಯಾರಿಗೂ ಸಂತಾನಹರಣ ಮಾಡಕೂಡದು ಎಂದು ಅದರಲ್ಲಿ ಸೇರಿಸಿದ.

ಈ ನಡುವೆ ಅವನು ಜೀವಶಾಸ್ತ್ರಕ್ಕೆ ಮರಳಿದ್ದ. ಹಕ್ಸ್ಲಿಯ ಮೊಮ್ಮಗ ಜೂಲಿಯನ್ ಹಕ್ಸ್ಲಿ ಮತ್ತು ತನ್ನ ಮಗ ಜಿ. ಪಿ. ವೆಲ್ಸ್ ಜೊತೆ ಸೇರಿ ‘ದಿ ಸೈನ್ಸ್ ಆಫ್ ಲೈಫ್’ ಬರೆದ. 1929ರಿಂದ ಹದಿನೈದು ದಿನಕ್ಕೊಂದರಂತೆ ಕಂತುಗಳಲ್ಲಿ ಬಂತು. ಇದಕ್ಕಾಗಿ ಜೂಲಿಯನ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಹುದ್ದೆಯನ್ನೇ ಬಿಟ್ಟಿದ್ದ. ಸಾಮಾನ್ಯ ಓದುಗನಿಗೆ ಇಡೀ ಜೀವಶಾಸ್ತ್ರವನ್ನು ಒಂದೇ ಕಡೆ ಕೊಟ್ಟ ಕೆಲಸ ಅದು. ವೆಲ್ಸ್‌ನ ಕಾದಂಬರಿಗಳ ಅಬ್ಬರದಲ್ಲಿ ಅದರ ಹೆಸರು ಮರೆತೇಹೋಗಿದೆ.

ಇಷ್ಟೆಲ್ಲ ಆದರೂ ವಿಜ್ಞಾನಿಗಳ ಸಾಲಿನಲ್ಲಿ ಕೂರಬೇಕೆಂಬ ಆಸೆ ಹೋಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, 1943ರಲ್ಲಿ, ಪ್ರಬಂಧವೊಂದಕ್ಕೆ ಲಂಡನ್ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಎಂಬ ಡಾಕ್ಟರೇಟ್ ಪದವಿ ಪಡೆದ. ಮನುಷ್ಯನಂಥ ಮೇಲ್ದರ್ಜೆಯ ಪ್ರಾಣಿಗಳಲ್ಲಿ ‘ನಾನು’ ಎಂಬ ಅಖಂಡತೆ ಬರೀ ಭ್ರಮೆ ಎನ್ನುವುದು ಆ ಪ್ರಬಂಧದ ವಾದ. ಮರುವರ್ಷ ಅದರ ಸಂಕ್ಷಿಪ್ತ ರೂಪ ‘ನೇಚರ್’ ಪತ್ರಿಕೆಯಲ್ಲಿ ಬಂತು. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಫೆಲೋ ಆಗುವ ಅವನ ಆಸೆ ಮಾತ್ರ ಈಡೇರಲಿಲ್ಲ. 1946ರ ಆಗಸ್ಟ್‌ನಲ್ಲಿ ತೀರಿಕೊಂಡ. ಆ ಗೌರವ 1955ರಲ್ಲಿ ಮಗ ಜಿ. ಪಿ. ವೆಲ್ಸ್‌ಗೆ ಸಿಕ್ಕಿತು. ಅವನು ಅಧ್ಯಯನ ಮಾಡುತ್ತಿದ್ದುದು ಕಡಲತೀರದ ಮರಳಿನಲ್ಲಿ ಬಿಲ ಕೊರೆಯುವ ಹುಳುಗಳನ್ನು.