ಹಾಯಿಕಂಬ ಮುರಿದ ಮೇಲೆ

2018ರ ಸೆಪ್ಟೆಂಬರ್ 21. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 3,500 ಕಿಲೋಮೀಟರ್ ದೂರದಲ್ಲಿ, ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ ಅವರ ‘ತುರಿಯಾ’ ಬಿರುಗಾಳಿಗೆ ಸಿಕ್ಕಿ ಮಗುಚಿತು. ಗೋವೆಯಲ್ಲಿ ಕಟ್ಟಿದ ಆ ದೋಣಿಯಲ್ಲಿ ಅವರು ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಗೆ ಹೊರಟಿದ್ದರು. ಒಬ್ಬರೇ, ಎಲ್ಲೂ ನಿಲ್ಲದೆ, ಜಿಪಿಎಸ್ ನೆರವಿಲ್ಲದೆ ಭೂಮಿಯನ್ನು ಸುತ್ತಿ ಬರಬೇಕಾದ ಸ್ಪರ್ಧೆ ಅದು. ದೋಣಿ ಮತ್ತೆ ನೆಟ್ಟಗಾಗುವಾಗ ಅವರ ಕೈಗಡಿಯಾರದ ಪಟ್ಟಿ ಮೇಲೆಲ್ಲೋ ಸಿಕ್ಕಿಕೊಂಡು ಅವರು ನೇತಾಡಿದರು. ಪಟ್ಟಿ ಕಿತ್ತು ಕೆಳಗೆ ಬಿದ್ದಾಗ ಬೆನ್ನುಮೂಳೆಗೆ ಭಾರಿ ಪೆಟ್ಟಾಯಿತು. ಹಾಯಿಕಂಬ ಮುರಿದುಹೋಯಿತು.

ಕಂಬ ಹೋದರೆ ಹಾಯಿ ಕಟ್ಟಲಾಗದು, ದೋಣಿ ಸಾಗದು. ಇದು ಯಾರಿಗಾದರೂ ತೋಚುತ್ತದೆ. ನನ್ನನ್ನು ಬೆರಗುಗೊಳಿಸುವುದು ಅದರ ಇನ್ನೊಂದು ಕೆಲಸ. ದೋಣಿಯ ತಳದಲ್ಲಿ ಭಾರವಿರುತ್ತದೆ, ವಾಲಿದಾಗ ಮೇಲೆತ್ತುವುದು ಅದೇ. ಹಾಗಿದ್ದರೆ ಮೇಲಿನ ಭಾರ ಕಳಚಿದಷ್ಟೂ ಒಳ್ಳೆಯದಲ್ಲವೇ? ನಿಧಾನವಾಗಿ ವಾಲಿಸುವ ಗಾಳಿಯ ಮಟ್ಟಿಗೆ ಹೌದು. ಅಲೆಯ ಹೊಡೆತ ಮಾತ್ರ ಕ್ಷಣಗಳಲ್ಲಿ ಮುಗಿಯುವಂಥದ್ದು.

ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಯ ಕೈಯಲ್ಲಿರುವ ಉದ್ದನೆಯ ಬಿದಿರನ್ನು ನೆನಪಿಸಿಕೊಳ್ಳಿ. ತಿರುಗುವ ಕೇಂದ್ರದಿಂದ ದೂರವಿರುವ ತೂಕ ಸುಲಭವಾಗಿ ತಿರುಗಲು ಒಪ್ಪುವುದಿಲ್ಲ. ದೂರ ಇಮ್ಮಡಿಯಾದರೆ ಈ ಜಡತ್ವ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಬಿದಿರು ಹಿಡಿದವಳು ವಾಲುವುದು ನಿಧಾನ, ಸಾವರಿಸಿಕೊಳ್ಳಲು ಅವಳಿಗೆ ಸಮಯ ಸಿಗುತ್ತದೆ. ದೋಣಿಗೆ ಆ ಬಿದಿರು ಹಾಯಿಕಂಬ. ಅದು ಹೋದ ದೋಣಿ ತೊಟ್ಟಿಲಿನಂತೆ ಚುರುಕಾಗಿ ಹೊಯ್ದಾಡುತ್ತದೆ. ಮುಂದಿನ ಅಲೆ ಅದನ್ನು ಇನ್ನೂ ಸುಲಭವಾಗಿ ಮಗುಚಬಲ್ಲದು.

ಅಲೆಯ ವಿಷಯದಲ್ಲೂ ಎತ್ತರವೊಂದೇ ಶತ್ರುವಲ್ಲ. ಅಗಲವಾಗಿ ಉಬ್ಬಿ ಬರುವ ದೈತ್ಯ ಅಲೆಯ ಮೇಲೆ ದೋಣಿ ಬೆಂಡಿನಂತೆ ಏರಿ ಇಳಿಯುತ್ತದೆ. ಕಡಿದಾಗಿ ನಿಂತು, ನೆತ್ತಿಯಿಂದ ಒಡೆದು ಬೀಳುವ ಅಲೆ ಅಪಾಯಕಾರಿ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯಲ್ಲಿ 15 ನಾವಿಕರು ಸತ್ತ ನಂತರ ಇಂಗ್ಲೆಂಡಿನಲ್ಲಿ ಮಾದರಿ ದೋಣಿಗಳನ್ನು ನೀರಿನ ತೊಟ್ಟಿಗಳಲ್ಲಿಟ್ಟು ಪರೀಕ್ಷಿಸಿದರು. ದೋಣಿಯ ಉದ್ದದ ಶೇ. 30ರಷ್ಟು ಎತ್ತರದ ಒಡೆಯುವ ಅಲೆ ಪಕ್ಕಕ್ಕೆ ಬಡಿದರೂ ಕೆಲವು ದೋಣಿಗಳು ಮಗುಚಿದವು. ಹತ್ತು ಮೀಟರ್‌ಗಿಂತ ತುಸು ಗಿಡ್ಡವಾದ ತುರಿಯಾಕ್ಕೆ ಅದು ಸುಮಾರು ಮೂರೇ ಮೀಟರ್. ಅಂದಿನ ಸಮುದ್ರದಲ್ಲಿ ಅದರ ಎಷ್ಟೋ ಪಟ್ಟು ಎತ್ತರದ ಅಲೆಗಳಿದ್ದವು.

ಮುರಿದ ಕಂಬ ತಂತಿಗಳಿಗೆ ಜೋತುಬಿದ್ದು ದೋಣಿಯ ಪಕ್ಕವನ್ನು ಗುದ್ದಿ ತೂತು ಮಾಡಬಹುದು. ಹಾಗಾಗಿ ಆ ತಂತಿಗಳನ್ನು ಕತ್ತರಿಸಿ ಕಂಬವನ್ನು ಬಿಟ್ಟುಬಿಡುವುದು ನಾವಿಕರ ರೂಢಿ. ಮೇಲೇಳಲೂ ಆಗದೆ ಮಲಗಿದ್ದ ಟೋಮಿ ಅವರಿಗೆ ಅದೂ ಅಸಾಧ್ಯವಾಗಿತ್ತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಹಡಗು ಅವರನ್ನು ರಕ್ಷಿಸಿತು.

ನಾಲ್ಕು ವರ್ಷಗಳ ಬಳಿಕ ಅದೇ ಸ್ಪರ್ಧೆಗೆ ಅವರು ‘ಬಯಾನತ್’ ದೋಣಿಯಲ್ಲಿ ಮತ್ತೆ ಹೊರಟರು. ಈ ಸಲ ಕಾಡಿದ್ದು ಗಾಳಿಯಿಂದಲೇ ನಡೆಯುವ ಚುಕ್ಕಾಣಿ ಸಾಧನ. ಹಿಂಭಾಗದಲ್ಲಿ ನಿಂತ ತೆಳು ಹಲಗೆಯೊಂದು ಗಾಳಿಯ ದಿಕ್ಕನ್ನು ನೋಡುತ್ತಿರುತ್ತದೆ. ದೋಣಿ ದಾರಿ ತಪ್ಪಿದೊಡನೆ ಗಾಳಿ ಆ ಹಲಗೆಯನ್ನು ವಾಲಿಸುತ್ತದೆ. ಆ ವಾಲಿಕೆ ನೀರಿನೊಳಗಿನ ಅಲಗನ್ನು ತಿರುಗಿಸುತ್ತದೆ, ಹರಿಯುವ ನೀರಿನ ಬಲವೇ ದೋಣಿಯನ್ನು ದಾರಿಗೆ ತರುತ್ತದೆ. ವಿದ್ಯುತ್ ಬೇಡ. ಒಂಟಿ ನಾವಿಕನಿಗೆ ನಿದ್ದೆ ಕೊಡುವ ಸಾಧನವಿದು. ಅಲಗು ಮುರಿದರೆ ಹಗಲಿರುಳೂ ಚುಕ್ಕಾಣಿ ಹಿಡಿದು ಕೂರಬೇಕು.

ಅಲಗು ಮುರಿದಾಗ ಟೋಮಿ ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಹೊಸದನ್ನು ಮಾಡಿಕೊಂಡರು. ಬಯಾನತ್ 236 ದಿನಗಳ ಪಯಣ ಮುಗಿಸಿ, 2023ರ ಏಪ್ರಿಲ್ 29ರಂದು ಎರಡನೆಯ ಸ್ಥಾನ ಪಡೆದು ಫ್ರಾನ್ಸಿನ ಬಂದರಿಗೆ ಮರಳಿತು, ಶೌಚಾಲಯಕ್ಕೆ ಬಾಗಿಲಿಲ್ಲದೆ.