ಹಂದಿ ಕಾಯಲು ಸೆಮಿ ಆಟೊಮ್ಯಾಟಿಕ್ ರೈಫಲ್ ಬೇಕೇ?

ಕಾಸರಗೋಡು ಜಿಲ್ಲೆಯ ಎಣ್ಮಕಜೆಯಿಂದ ದೇಲಂಪಾಡಿಯ ತನಕ ಕಾಡುಹಂದಿ ಕಾಟ ಇರುವ ಊರುಗಳಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಲು ಹೊರಟವರು ಈಗೀಗ ಕೇಳುವುದೊಂದೇ: ಹೇಗೂ ಕೋವಿ ತೆಗೆದುಕೊಳ್ಳುವುದಾದರೆ ಸೆಮಿ ಆಟೊಮ್ಯಾಟಿಕ್ ರೈಫಲನ್ನೇ ಯಾಕೆ ತೆಗೆದುಕೊಳ್ಳಬಾರದು? ಟೆಕ್ಸಾಸಿನ ಬಯಲಲ್ಲಿ ಹಂದಿಯ ಹಿಂಡನ್ನೇ ಒಂದರ ಹಿಂದೆ ಒಂದರಂತೆ ಉರುಳಿಸುವ ವಿಡಿಯೋಗಳು ಎಲ್ಲರ ಮೊಬೈಲಿನಲ್ಲೂ ಇವೆ. ಅಲ್ಲಿನ ಕಾನೂನು ಬೇರೆ, ಅಲ್ಲಿನ ಬಯಲೂ ಬೇರೆ.

ನಮ್ಮಲ್ಲಿ ಅದು ಸಿಗುವುದಿಲ್ಲ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಸೆಮಿ ಆಟೊಮ್ಯಾಟಿಕ್ ಬಂದೂಕುಗಳು ಒಂದನೇ ವರ್ಗಕ್ಕೆ, ಎಂದರೆ ನಿರ್ಬಂಧಿತ ಪಟ್ಟಿಗೆ ಸೇರಿವೆ. ‘ಪಿಸ್ತೂಲು ಸೆಮಿ ಆಟೊಮ್ಯಾಟಿಕ್ ಅಲ್ಲವೇ, ಅದಕ್ಕೆ ಲೈಸೆನ್ಸ್ ಕೊಡುತ್ತಾರಲ್ಲ’ ಎಂಬ ವಾದ ಇದೆ. ಕೊಡುತ್ತಾರೆ. ಪಿಸ್ತೂಲು, ರಿವಾಲ್ವರುಗಳನ್ನು ಮೂರನೇ ವರ್ಗದಲ್ಲಿ ಪ್ರತ್ಯೇಕವಾಗಿ ಹೆಸರಿಸಿರುವುದರಿಂದ ಆ ವಿನಾಯಿತಿ. ರೈಫಲಿಗೆ ಅದು ಇಲ್ಲ. .303 ಮತ್ತು 7.62 ಮಿಮೀ ರೈಫಲ್‌ಗಳಂತೂ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ (ತೋಟೆ ಏರಿಸುವ ಅಗುಳಿ) ಎಳೆಯುವ ನಮೂನೆಯವಾದರೂ ನಿರ್ಬಂಧಿತವೇ, ಯಾಕೆಂದರೆ ಅವು ಸೇನೆ, ಪೊಲೀಸರ ತೋಟೆ ನುಂಗುತ್ತವೆ. ನಿರ್ಬಂಧಿತ ಆಯುಧದ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಜೀವಕ್ಕೆ ಗಂಭೀರ ಬೆದರಿಕೆ ಇರುವವರಿಗಾಗಿ ಇರುವ ವ್ಯವಸ್ಥೆ ಅದು. ಅಡಿಕೆ ಸಸಿ ಬುಡಮೇಲಾಯಿತೆಂದರೆ ಅಲ್ಲಿ ಕೇಳುವವರಿಲ್ಲ. ಇನ್ನು, ಯಾರೋ ‘ಹೊಂದಿಸಿ ಕೊಡುತ್ತೇನೆ’ ಎಂದರೆ ನೆನಪಿರಲಿ: 2019ರ ತಿದ್ದುಪಡಿಯ ನಂತರ ನಿರ್ಬಂಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು.

ಕಾನೂನನ್ನು ಬದಿಗಿಟ್ಟು ಕೆಲಸದ ದೃಷ್ಟಿಯಿಂದ ನೋಡಿದರೂ ನಮ್ಮ ತೋಟಕ್ಕೆ ಅದು ಹೇಳಿಸಿದ ಸಾಮಾನಲ್ಲ. ಸೆಮಿ ಆಟೊಮ್ಯಾಟಿಕ್ ಎಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಮುಂದಿನ ತೋಟೆಯನ್ನು ಯಂತ್ರವೇ ಏರಿಸಿಕೊಳ್ಳುತ್ತದೆ. ಹೆಚ್ಚಿನ ರೈಫಲ್‌ಗಳಲ್ಲಿ ನಳಿಗೆಯ ಒಂದು ಸಣ್ಣ ತೂತಿನಿಂದ ಸಿಡಿದ ಗ್ಯಾಸಿನ ಸ್ವಲ್ಪ ಪಾಲು ಹೊರಬಂದು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಸಿಪ್ಪೆ ಹೊರಗೆ ಹಾರುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತರುವಾಗ ಮ್ಯಾಗಜಿನ್ನಿನಿಂದ ಹೊಸ ತೋಟೆ ಒಳಹೋಗುತ್ತದೆ. ಇಷ್ಟೂ ನಡೆಯುವುದು ತೋಟೆಯ ಬಲದಿಂದ. ತೋಟೆ ತೇವಗೊಂಡು ಮದ್ದು ಸಪ್ಪೆಯಾಗಿದ್ದರೆ ಬೋಲ್ಟು ಅರ್ಧಕ್ಕೆ ನಿಲ್ಲುತ್ತದೆ, ಸಿಪ್ಪೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಇಲ್ಲಿ ಬಂದೂಕಿನ ಒಳಗೆ ಓಡಾಡುವ ಭಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಹಾಗಾದರೆ ಬೋಲ್ಟ್ ನಮೂನೆಯ .315 ರೈಫಲ್? ಇಷಾಪುರದ ಸರಕಾರಿ ಕಾರ್ಖಾನೆಯದ್ದು, 8 ಮಿಮೀ, ಮ್ಯಾಗಜಿನ್ನಿಗೆ 5 ತೋಟೆ. ಅದು ನಿರ್ಬಂಧಿತವಲ್ಲ, ಗಟ್ಟಿಮುಟ್ಟೂ ಹೌದು. ಆದರೆ ಗುರಿ ತಪ್ಪಿದ ರೈಫಲ್ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗುತ್ತದೆ. ಘಟ್ಟದ ಮೇಲಿನ ಊರುಗಳಂತೆ ಮನೆಗಳೆಲ್ಲ ಒಂದು ಕಡೆ, ಹೊಲಗಳೆಲ್ಲ ಇನ್ನೊಂದು ಕಡೆ ಇರುವ ಸೀಮೆಯಲ್ಲ ಇದು. ಪ್ರತಿ ತೋಟಕ್ಕೊಂದು ಮನೆ, ಪ್ರತಿ ಗುಡ್ಡದ ಆಚೆಗೊಂದು ಅಂಗಳ. ಸಾಲದ್ದಕ್ಕೆ ಮುರಕಲ್ಲಿನ ಪಾದೆ. ಅದಕ್ಕೆ ಓರೆಯಾಗಿ ತಾಗಿದ ಗುಂಡು ಎತ್ತ ಚಿಮ್ಮುತ್ತದೆಂದು ಹೇಳುವಂತಿಲ್ಲ. ಅಡಿಕೆ ತೋಟದಲ್ಲಿ ಹಂದಿ ಕಣ್ಣಿಗೆ ಬೀಳುವುದೇ 20–30 ಮೀಟರಿನೊಳಗೆ. ಅಷ್ಟು ದೂರಕ್ಕೆ ರೈಫಲ್ ಬೇಡ.

ಬೇಕಾದದ್ದು ಅಜ್ಜನ ಕಾಲದ ಹನ್ನೆರಡು ಬೋರಿನ ತೋಟೆ ಕೋವಿಯೇ. ಕಾಯ್ದೆಯೂ ಈ ಕಡೆಗೇ ಇದೆ: 13ನೇ ಕಲಂ ಪ್ರಕಾರ ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ಒಳಮೈ ನಯವಾದ ನಳಿಗೆಯ ಕೋವಿ, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಇವುಗಳಿಗೆ ತಕ್ಕ ಕಾರಣವಿದ್ದವನಿಗೆ ಲೈಸೆನ್ಸ್ ಕೊಡಬೇಕು ಎಂದಿದೆ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆ ರಕ್ಷಣೆಗೂ ತೋಟೆ ಕೋವಿ ಕೊಡಬಹುದು. ಅರ್ಜಿಯ ಜೊತೆ ತೀರ್ವೆ ರಶೀದಿ, ಕೃಷಿ ಭವನದಲ್ಲಿ ಬೆಳೆನಷ್ಟಕ್ಕೆ ಕೊಟ್ಟ ದೂರಿನ ಪ್ರತಿ ಇಟ್ಟರೆ ವಾದಕ್ಕೆ ಬಲ. ವಯಸ್ಸು 21 ತುಂಬಿರಬೇಕು, ವೈದ್ಯಕೀಯ ಸರ್ಟಿಫಿಕೇಟ್ ಬೇಕು, ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬೇಕು. ಲೈಸೆನ್ಸಿನ ಅವಧಿ ಈಗ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ ಎರಡು ಕೋವಿ.

ಹನ್ನೆರಡು ಬೋರು ಎಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಅದರಲ್ಲೊಂದು ಉಂಡೆ ಸರಿಯಾಗಿ ಹಿಡಿಸುವ ನಳಿಗೆ, ಸುಮಾರು 18.5 ಮಿಮೀ. ಲೆಕ್ಕ ತಿರುಗುಮುರುಗು: ಅಂಕಿ ದೊಡ್ಡದಾದಷ್ಟು ನಳಿಗೆ ಸಣ್ಣದು. ಇದು ಗೊತ್ತಿಲ್ಲದೆಯೇ ಅತಿ ಕೆಟ್ಟ ಅನಾಹುತ ಆಗುವುದು. ಇಪ್ಪತ್ತು ಬೋರಿನ ತೋಟೆಯೊಂದು ಜೇಬಿನಲ್ಲಿ ಬೆರೆತು ಹೋಗಿ ಹನ್ನೆರಡರ ಕೋವಿಗೆ ಬಿದ್ದರೆ ಅದು ಹೊರಗೆ ಬೀಳುವುದಿಲ್ಲ, ಜಾರಿ ನಳಿಗೆಯೊಳಗೆ ಮುಂದೆ ಹೋಗಿ ಕೂತುಬಿಡುತ್ತದೆ. ಹಿಂದಿನಿಂದ ನೋಡಿದರೆ ತೋಟೆ ಕೂರುವ ಕೋಣೆ ಖಾಲಿ. ‘ಹಾಕಲು ಮರೆತೆ’ ಎಂದು ಹನ್ನೆರಡರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುವುದು ಎಡಗೈ ಹಿಡಿದ ಜಾಗದಲ್ಲಿ. ಇಪ್ಪತ್ತರ ತೋಟೆಗೆ ಸಾಮಾನ್ಯವಾಗಿ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡು ಬೋರಿನ ತೋಟೆ ಒಂದೇ ಮನೆಯಲ್ಲಿ ಇಡಲೇಬೇಡಿ.

ಇನ್ನೊಂದು ಅಳತೆ ಕೋಣೆಯ ಉದ್ದ. ಹಳೆಯ ಇಂಗ್ಲಿಷ್, ಬೆಲ್ಜಿಯಂ ಜೋಡು ನಳಿಗೆಗಳಲ್ಲಿ ಅದು ಹೆಚ್ಚಾಗಿ 65 ಮಿಮೀ (ಎರಡೂವರೆ ಇಂಚು). ಇಂದಿನ ತೋಟೆಗಳಲ್ಲಿ ಬಹುಪಾಲು 70 ಮಿಮೀ. ಆ 70 ಎಂಬುದು ಹೊಡೆದ ನಂತರ ಬಾಯಿ ಬಿಚ್ಚಿಕೊಂಡ ಸಿಪ್ಪೆಯ ಉದ್ದ. ಮಡಿಚಿದ್ದಾಗ ಗಿಡ್ಡ ಇರುವುದರಿಂದ 65ರ ಕೋಣೆಗೂ ಸಲೀಸಾಗಿ ಹೋಗುತ್ತದೆ, ಕೋವಿಯೂ ಮುಚ್ಚುತ್ತದೆ. ಮೋಸ ಇರುವುದೇ ಅಲ್ಲಿ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ನಳಿಗೆಯ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಒಳಗಿನ ಒತ್ತಡ ಏರುತ್ತದೆ. ಒಂದೆರಡು ಸಲಕ್ಕೆ ಏನೂ ಆಗದಿರಬಹುದು. ಬೀಗ ಸಡಿಲವಾಗುತ್ತಾ ಬರುತ್ತದೆ. ನಳಿಗೆಯ ಅಡಿಯಲ್ಲಿ ಕೊರೆದ ಅಳತೆ ನೋಡಿ, ಇಲ್ಲದಿದ್ದರೆ ಕೋವಿ ರಿಪೇರಿಯವರಿಂದ ಅಳೆಸಿ. ನಳಿಗೆಯ ಮೈಮೇಲೆ ಚಾಪೆ ಹೆಣೆದಂತೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲದವು, ಇಂದಿನ ತೋಟೆಗೆ ಪರೀಕ್ಷೆಯಾದ ಮುದ್ರೆ ಇಲ್ಲದಿದ್ದರೆ ಗೋಡೆಗೆ ಚೆಂದ.

ಹಳೆಯ ಜೋಡು ನಳಿಗೆ ಕೊಳ್ಳುವಾಗ ನೋಡುವ ಕ್ರಮ ಹೀಗಿದೆ. ಮೊದಲು ಎರಡೂ ಕೋಣೆ ಖಾಲಿಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಮುಂಗಟ್ಟಿಗೆಯನ್ನು (ನಳಿಗೆಯ ಅಡಿಯಲ್ಲಿ ಎಡಗೈ ಹಿಡಿಯುವ ಮರದ ತುಂಡು) ತೆಗೆದಿಟ್ಟು, ಕೋವಿ ಮುಚ್ಚಿ, ಹಿಡಿಯಲ್ಲಿ ಹಿಡಿದು ಅಲುಗಿಸಿ. ಕಟಕಟ ಎಂದರೆ ಕೀಲು ಸವೆದಿದೆ. ನಳಿಗೆಯನ್ನು ಬಿಚ್ಚಿ ದಾರದಲ್ಲಿ ತೂಗಹಾಕಿ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ತೆಂಗಿನ ಗರಟೆ ಬಡಿದಂತೆ ಕೇಳಿದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ, ಸಂದಿನಲ್ಲಿ ತುಕ್ಕು ಕೂತಿರುತ್ತದೆ. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡುತ್ತಾ ನಿಧಾನ ತಿರುಗಿಸಿ. ಬೆಳಕಿನ ಬಳೆ ಎಲ್ಲಾದರೂ ಮುರಿದರೆ ಅಲ್ಲಿ ತಗ್ಗು. ಬಳೆಯ ಹಾಗೆ ಕಪ್ಪು ನೆರಳು ಸುತ್ತ ಕಂಡರೆ ಅಲ್ಲಿ ನಳಿಗೆ ಒಮ್ಮೆ ಉಬ್ಬಿದೆ. ಉಬ್ಬಿದ ನಳಿಗೆಗೆ ಬೆಲೆ ಕೇಳುವ ಅಗತ್ಯವೇ ಇಲ್ಲ.

ತೋಟೆಯ ವಿಷಯ ಚಿಕ್ಕದಾಗಿ ಹೇಳಿದರೆ: ದೊಡ್ಡ ಚರೆಯ ತೋಟೆಗಳಲ್ಲಿ ಔನ್ಸ್ ಸೀಸಕ್ಕೆ ಆರು ಉಂಡೆಯ ಎಲ್‌ಜಿ, ಸುಮಾರು ಎಂಟರ ಎಸ್‌ಜಿ, ಹದಿನೈದರ ಎಸ್‌ಎಸ್‌ಜಿ. ಹಂದಿಗೆ ಎಲ್‌ಜಿ ಅಥವಾ ಎಸ್‌ಜಿ. ಚರೆ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಹರಡುತ್ತದೆ, ಮೂವತ್ತು ಮೀಟರಿಗೆ ಮುಕ್ಕಾಲು ಮೀಟರು. ಅದಕ್ಕಿಂತ ದೂರಕ್ಕೆ ಹೊಡೆದರೆ ಒಂದೆರಡು ಉಂಡೆ ತಾಗಿ ಗಾಯಗೊಂಡ ಹಂದಿ ಪೊದೆ ಸೇರುತ್ತದೆ, ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆ ಬೀಳುತ್ತದೆ. ಹಕ್ಕಿ ಹೊಡೆಯುವ ನಾಲ್ಕು, ಆರು ನಂಬರಿನ ಚರೆ ಹಂದಿಯ ಮೈಗೆ ಬರೇ ಕೆರೆತ. ಒಂಟಿ ಗುಂಡನ್ನು ಬಾಯಿ ಕಿರಿದಾದ ನಳಿಗೆಯಲ್ಲಿ, ಹೆಚ್ಚಿನ ಜೋಡು ಕೋವಿಗಳಲ್ಲಿ ಅದು ಎಡದ್ದು, ಬಳಸಬೇಡಿ.

ಕಾಗದದ ಸಿಪ್ಪೆಯ ಹಳೆ ತೋಟೆ ಆಟಿ ತಿಂಗಳಲ್ಲಿ ಉಬ್ಬಿ ಕೋಣೆಗೆ ಹೋಗುವುದಿಲ್ಲ. ಒತ್ತಿ ತುರುಕುವುದೂ ತಪ್ಪು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೂ ತಪ್ಪು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಟ್ರಿಗರ್ ಎಳೆದಾಗ ಬಡಿಯುವ ಕುದುರೆ ಬಿದ್ದರೂ ತೋಟೆ ಹೊಡೆಯದಿದ್ದರೆ ನಳಿಗೆಯನ್ನು ಮಣ್ಣಿನ ಧರೆಯ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಶಬ್ದ ‘ಢಂ’ ಎನ್ನುವ ಬದಲು ‘ಟುಸ್’ ಎಂದರೆ ಎರಡನೆಯ ಈಡಿಗೆ ಮೊದಲು ನಳಿಗೆ ಬಿಚ್ಚಿ ಒಳಗೆ ನೋಡಲೇಬೇಕು. ಮದ್ದಿಗೂ ಚರೆಗೂ ನಡುವೆ ಇರುವ ಅಡ್ಡೆ ಒಳಗೇ ಉಳಿದಿರಬಹುದು.

ಹೊಡೆದ ದಿನವೇ ಹಿತ್ತಾಳೆ ಬ್ರಷ್ಷು, ಆಮೇಲೆ ಹಳೆ ಮುಂಡಿನ ತುಂಡು, ಕೊನೆಗೆ ತೆಳುವಾಗಿ ಗನ್ ಆಯಿಲ್. ತೆಂಗಿನೆಣ್ಣೆ ಬೇಡ. ಮನೆಯಲ್ಲಿ ಧಾರಾಳ ಇದೆ ನಿಜ, ಕೆಲವು ತಿಂಗಳಲ್ಲಿ ಅಂಟಾಗಿ ಕುದುರೆ ಹಿಡಿದುಬಿಡುತ್ತದೆ. ತೊಗಲಿನ ಚೀಲದಲ್ಲಿ ಮುಚ್ಚಿಟ್ಟರೆ ತೇವ ಹಿಡಿದು ತುಕ್ಕು ಖಚಿತ. ಬಟ್ಟೆ ಸುತ್ತದೆ ಉಕ್ಕಿನ ಕಪಾಟಿನಲ್ಲಿ ಬೀಗ ಹಾಕಿ ನಿಲ್ಲಿಸಿ, ತೋಟೆಯನ್ನು ಬೇರೆ ಬೀಗದಲ್ಲಿಡಿ.

ಕೋವಿಯ ಲೈಸೆನ್ಸ್ ಇದೆಯೆಂದರೆ ಹಂದಿ ಹೊಡೆಯಲು ಅನುಮತಿ ಇದೆಯೆಂದು ಅರ್ಥವಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಪ್ರತ್ಯೇಕ ಆದೇಶ ಬೇಕು. ಕೇರಳದಲ್ಲಿ 2022ರಿಂದ ಆ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೂ ಇದೆ. ಹೊಡೆಯುವವರು ಲೈಸೆನ್ಸ್ ಇದ್ದು ಪಟ್ಟಿಯಲ್ಲಿ ಹೆಸರಿರುವವರಾಗಿರಬೇಕು. ವಿಷ, ಉರುಳು, ಕರೆಂಟು, ಸ್ಫೋಟಕ ಯಾವುದೂ ಆಗದು. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಹಂಚಿದರೆ ಬೇರೆಯೇ ಕೇಸು. ನವಿಲು, ಕಾಡುಕೋಣದ ಕಡೆಗೆ ನಳಿಗೆ ತಿರುಗಿಸುವ ಯೋಚನೆಯೇ ಬೇಡ.

ರಾತ್ರಿ ಲೈಟಿಗೆ ಎರಡು ಕಣ್ಣು ಹೊಳೆದರೆ ಹಂದಿಯೆಂದುಕೊಳ್ಳಬೇಡಿ, ಹಂದಿಯ ಕಣ್ಣು ಅಷ್ಟಾಗಿ ಹೊಳೆಯುವುದಿಲ್ಲ, ನಾಯಿಯದ್ದೂ ಕರುವಿನದ್ದೂ ಹೊಳೆಯುತ್ತದೆ. ಬೆಳಗಿನ ಮೂರರ ನಂತರ ರಬ್ಬರ್ ಟ್ಯಾಪಿಂಗಿನವರು ತಲೆಗೆ ಲೈಟು ಕಟ್ಟಿಕೊಂಡು ಪಕ್ಕದ ತೋಟಕ್ಕೆ ಇಳಿದಿರುತ್ತಾರೆ. ಆ ಹೊತ್ತಿನ ನಂತರ ಹೊಡೆಯದಿರುವುದು ಒಳ್ಳೆಯದು. ಮೇಲಿನ ಧರೆಯಿಂದ ಕೆಳಗೆ ಮಣ್ಣಿಗೆ ಹೊಡೆಯಿರಿ, ಏರು ಗುಡ್ಡದ ನೆತ್ತಿಗಲ್ಲ. ಸಂಕ, ತಡಮೆ ದಾಟುವಾಗ ಕೋವಿಯ ಕೀಲು ತೆರೆದು ತೋಟೆ ತೆಗೆದಿರಲಿ.

ಗಡಿಯವರಿಗೆ ಇನ್ನೊಂದು ತೊಡಕು ಇದೆ. ಲೈಸೆನ್ಸಿನಲ್ಲಿ ಅದು ಎಲ್ಲೆಲ್ಲಿ ನಡೆಯುತ್ತದೆ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ಕೇರಳ ಎಂದಷ್ಟೇ ಇದ್ದರೆ, ತೋಟ ತೋಡಿನ ಆಚೆ ಪುತ್ತೂರು ತಾಲೂಕಿಗೋ ಸುಳ್ಯಕ್ಕೋ ಚಾಚಿದ್ದರೂ ಕೋವಿ ತೋಡು ದಾಟುವಂತಿಲ್ಲ. ಪಾಣತ್ತೂರಿನ ಆಚೆ ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ನೋಡಿ ಗೊಂದಲವಾಗುವುದಿದೆ. ಅದು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್ ತನಕ ಇರುವ ವಿನಾಯಿತಿ, ನಮಗೆ ಅನ್ವಯಿಸದು. ತಂದೆಯ ಕೋವಿ ಮಗನಿಗೆ ತಾನಾಗಿ ಬರುವುದೂ ಇಲ್ಲ. ತಂದೆ ತೀರಿಹೋದರೆ ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರಲ್ಲೋ ಇಟ್ಟು ತನ್ನ ಹೆಸರಿಗೆ ಅರ್ಜಿ ಹಾಕಬೇಕು. ತಂದೆಗೆ 70 ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ ಅವರ ಕಾಲದಲ್ಲೇ ವರ್ಗಾಯಿಸಿಕೊಳ್ಳಬಹುದು.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಒಪ್ಪಿಸುವ ಮುನ್ನ ನಳಿಗೆಯ ಒಳಹೊರಗೆ ಎಂದಿಗಿಂತ ದಪ್ಪವಾಗಿ ಎಣ್ಣೆ ಹಚ್ಚಿ, ನಂಬರನ್ನೂ ಇರುವ ಗೀರು, ಬಿರುಕುಗಳನ್ನೂ ರಶೀದಿಯಲ್ಲಿ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತಿರುಗಿ ತಂದ ದಿನ ದಪ್ಪ ಎಣ್ಣೆಯನ್ನು ಪೂರ್ತಿ ಒರೆಸಿ, ನಳಿಗೆಯಲ್ಲಿ ಕಣಜ ಗೂಡು ಕಟ್ಟಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ತೋಟೆ ಹಾಕಬೇಕು.