ಗಸಗಸೆ ಪಾಯಸ, ಬಿಸಿ ಹಾಲು, ಕಷಾಯ: ರಾತ್ರಿ ಮನಸ್ಸು ತಣ್ಣಗಾಗಲು ಏನು ಕುಡಿಯಬೇಕು?

ಓದುಗರ ಪ್ರಶ್ನೆ: ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ತಲೆಬಿಸಿ ಇಳಿಯುವುದಿಲ್ಲ. ಹತ್ತು ಗಂಟೆಗೆ ಮಲಗಿದರೆ ಹನ್ನೆರಡರವರೆಗೂ ಹೊರಳಾಡುತ್ತೇನೆ. ಗಸಗಸೆ ಪಾಯಸ ಕುಡಿ ಅಂತ ಅಮ್ಮ ಹೇಳುತ್ತಾರೆ, ಹಾಲಿಗೆ ಜಾಯಿಕಾಯಿ ಹಾಕಿಕೋ ಅಂತ ಅತ್ತೆ ಹೇಳುತ್ತಾರೆ. ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು?

ಉತ್ತರ: ಎಲ್ಲವೂ ಸ್ವಲ್ಪ ಸ್ವಲ್ಪ ನೆರವಾಗುತ್ತವೆ. ಆದರೆ ಸಂಜೆ ಐದರ ಕಾಫಿ ಹಾಗೇ ಮುಂದುವರಿದರೆ ಯಾವುದೂ ಆಗುವುದಿಲ್ಲ. ಏನು ಕುಡಿಯಬೇಕು ಎಂಬುದಕ್ಕಿಂತ ಏನನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದೇ ಇಲ್ಲಿ ದೊಡ್ಡ ಮಾತು.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ಸಂಜೆಯಾಗುತ್ತಿದ್ದಂತೆ ಆಕಳಿಕೆ, ಮಂಪರು ತರುವುದು ಅದೇ. ಕೆಫೀನ್ ಅಡೆನೊಸಿನ್ ಅಂಟಿಕೊಳ್ಳಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ. ಕಾಫಿ ಕುಡಿದಾಗ ದಣಿವು ಹೋಗುವುದಿಲ್ಲ, ದಣಿವು ಗೊತ್ತಾಗುವುದು ನಿಲ್ಲುತ್ತದೆ, ಅಷ್ಟೆ. ಹೊಟ್ಟೆಗೆ ಹೋದ ಕೆಫೀನಿನಲ್ಲಿ ಅರ್ಧ ಭಾಗ ಕರಗಿಹೋಗಲು ಹೆಚ್ಚಿನವರಿಗೆ ಸುಮಾರು 5 ಗಂಟೆ ಬೇಕು. ಐದಕ್ಕೆ ಕುಡಿದ ಕಾಫಿಯ ಅರ್ಧ, ನೀವು ಹತ್ತಕ್ಕೆ ದೀಪ ಆರಿಸುವಾಗಲೂ ಒಳಗೇ ಇರುತ್ತದೆ. ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಅದು ಒಂದು ಲೋಟದ ಪ್ರಮಾಣವಲ್ಲ, ನಾಲ್ಕೈದು ಸ್ಟ್ರಾಂಗ್ ಕಾಫಿಗೆ ಸಮ. ಆದರೂ ಆರು ಗಂಟೆಯ ಅಂತರ ಸಾಲಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾಗಿ ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಒಂದೇ ದಿನ ಪೂರ್ತಿ ಬಿಟ್ಟರೆ ಕೆಲವು ದಿನ ತಲೆನೋವು ಕಾಡುತ್ತದೆ. ವಾರದ ಲೆಕ್ಕದಲ್ಲಿ ಇಳಿಸಿ: ಮೊದಲು ಅರ್ಧ ಲೋಟ, ಆಮೇಲೆ ಫಿಲ್ಟರ್‌ಗೆ ಎರಡನೇ ಸಲ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್, ಆಮೇಲೆ ಕಷಾಯ. ಕೆಫೀನ್ ಬಿಸಿನೀರಿನಲ್ಲಿ ಬೇಗ ಕರಗುವುದರಿಂದ ಮೊದಲ ಡಿಕಾಕ್ಷನ್‌ನಲ್ಲೇ ಬಹುಪಾಲು ಇಳಿದುಹೋಗಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಚಿಕೋರಿ ಹೆಚ್ಚಿರುವ ಪುಡಿಯನ್ನು ಕೀಳು ಎಂದು ನೋಡುವವರು ಸಂಜೆಯ ಮಟ್ಟಿಗಾದರೂ ಅದನ್ನು ಬಳಸಬಹುದು. ಚಹಾದಲ್ಲಿ ಮನಸ್ಸನ್ನು ಶಾಂತಗೊಳಿಸುವ ಥಿಯಾನಿನ್ ಇದೆ ಎಂದು ಓದಿರುತ್ತೀರಿ. ಅದು ನಿಜ, ಆದರೆ ಒಂದು ಲೋಟದಲ್ಲಿ ಸಿಗುವುದು ಅಲ್ಪ, ಜೊತೆಗೆ ಕೆಫೀನೂ ಬರುತ್ತದೆ. ರಾತ್ರಿಗೆ ಅದೂ ಬೇಡ.

ಇನ್ನು ಬಿಸಿ ಹಾಲು. ಹಾಲಿನಲ್ಲಿರುವ ಟ್ರಿಪ್ಟೊಫ್ಯಾನ್‌ನಿಂದ ನಿದ್ದೆ ಬರುತ್ತದೆ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಮೆದುಳು ಸೆರೊಟೋನಿನ್, ಮೆಲಟೋನಿನ್ ತಯಾರಿಸುವುದು ಈ ಅಮೈನೋ ಆಮ್ಲದಿಂದಲೇ. ಆದರೆ 200 ಮಿಲಿ ಹಾಲಿನಲ್ಲಿ ಅದು ಇರುವುದು 100 ಮಿಲಿಗ್ರಾಂ ಆಸುಪಾಸು. ನಿದ್ದೆಯ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡುವುದು 1 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಸಾಲದ್ದಕ್ಕೆ ಹಾಲಿನ ಬೇರೆ ಅಮೈನೋ ಆಮ್ಲಗಳೂ ಮೆದುಳಿಗೆ ಅದೇ ದಾರಿಯಲ್ಲಿ ಹೋಗಬೇಕು. ತುಂಬಿದ ಬಸ್ಸಿನ ಬಾಗಿಲಲ್ಲಿ ಆಗುವಂತೆ ಸಂಖ್ಯೆಯಲ್ಲಿ ಕಡಿಮೆಯಿರುವ ಟ್ರಿಪ್ಟೊಫ್ಯಾನ್ ಹಿಂದೆ ಉಳಿಯುತ್ತದೆ. ಹಾಲಿನ ಜೊತೆ ಒಂದಿಷ್ಟು ಪಿಷ್ಟ ಸೇರಿದರೆ ಇನ್ಸುಲಿನ್ ಏರಿ, ಉಳಿದ ಅಮೈನೋ ಆಮ್ಲಗಳು ಸ್ನಾಯುಗಳತ್ತ ಸರಿಯುತ್ತವೆ, ಇದಕ್ಕೆ ಸ್ವಲ್ಪ ದಾರಿ ಸಿಗುತ್ತದೆ. ಬರೀ ಹಾಲಿಗಿಂತ ಹಾಲು ಹಾಕಿದ ತೆಳು ರಾಗಿ ಮಾಲ್ಟ್ ಅಥವಾ ಹಾಲಿನ ಜೊತೆ ಅರ್ಧ ಬಾಳೆಹಣ್ಣು ಒಳ್ಳೆಯದು ಎನ್ನಲು ಇದೊಂದು ಕಾರಣ. ಹಸಿವೆಯಿಂದ ಎಚ್ಚರವಾಗುವುದೂ ತಪ್ಪುತ್ತದೆ. ಉಳಿದಂತೆ ಹಾಲು ಮಾಡುವ ಉಪಕಾರ ಬಿಸಿಯದು, ನಿಧಾನವಾಗಿ ಗುಟುಕರಿಸುವ ಹತ್ತು ನಿಮಿಷದ್ದು, ದಿನವೂ ಅದೇ ಹೊತ್ತಿಗೆ ಅದೇ ಕೆಲಸ ಮಾಡುವ ರೂಢಿಯದು. ರೂಢಿಯನ್ನು ಹಗುರವಾಗಿ ಕಾಣಬಾರದು, ದೇಹ ಅದನ್ನು ಕಲಿಯುತ್ತದೆ. ಪ್ರಮಾಣ 150 ಮಿಲಿ ಸಾಕು, ಮಲಗುವುದಕ್ಕೆ ಮುಕ್ಕಾಲು ಗಂಟೆ ಮೊದಲು. ದೊಡ್ಡ ಲೋಟ ಕುಡಿದರೆ ನಡುರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ರಾಗಿ ಮಾಲ್ಟನ್ನು ನೀರಿನಲ್ಲೇ ಮಾಡಿಕೊಳ್ಳಬಹುದು. 1 ದೊಡ್ಡ ಚಮಚ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಬಿಡಿ. ಒಣಹಿಟ್ಟನ್ನು ನೇರ ಬಿಸಿನೀರಿಗೆ ಸುರಿದರೆ ಗಂಟಾಗುತ್ತದೆ, ಗಂಟಿನ ಒಳಗೆ ಹಸಿಹಿಟ್ಟು ಉಳಿದು ಹೊಟ್ಟೆ ಭಾರವಾಗುತ್ತದೆ.

ಗಸಗಸೆಗೆ ಬರೋಣ. ಅಫೀಮು ಬರುವುದು ಇದೇ ಗಿಡದಿಂದ. ಆದರೆ ಅದು ಇರುವುದು ಕಾಯಿಯ ಹಾಲಿನಲ್ಲಿ, ಬೀಜದಲ್ಲಲ್ಲ. 1985ರ ಮಾದಕ ವಸ್ತು ಕಾನೂನು ಕೂಡ ಒಣಗಿದ ಗಿಡದ ಭಾಗಗಳನ್ನು ಹೆಸರಿಸುವಾಗ ಬೀಜವನ್ನು ಹೊರಗಿಟ್ಟಿದೆ. ಬೀಜದ ಮೇಲ್ಮೈಗೆ ಅಂಟಿದ ಅತ್ಯಲ್ಪ ಅಂಶ ತೊಳೆದು, ಹುರಿದು, ಕುದಿಸುವಾಗ ಇನ್ನೂ ತಗ್ಗುತ್ತದೆ. ಹಾಗಾದರೆ ಹಬ್ಬದ ದಿನ ಪಾಯಸ ಕುಡಿದ ಮೇಲೆ ಕಣ್ಣು ಎಳೆಯುವುದೇಕೆ? ಮಧ್ಯಾಹ್ನ ಒಂದೆರಡು ಗಂಟೆಯ ಹೊತ್ತಿಗೆ ದೇಹದ ಗಡಿಯಾರವೇ ಸ್ವಲ್ಪ ಮಂಕಾಗುತ್ತದೆ. ಅದೇ ಹೊತ್ತಿಗೆ ಬಾಳೆ ಎಲೆ ತುಂಬ ಊಟವಾಗಿರುತ್ತದೆ, ಕೊನೆಗೆ ಬೆಲ್ಲ, ಅಕ್ಕಿ, ತೆಂಗಿನಕಾಯಿಯ ಈ ಪಾಯಸ. ಕೀರ್ತಿಯಲ್ಲಿ ಊಟಕ್ಕೂ ದೊಡ್ಡ ಪಾಲಿದೆ. ಹಾಗೆಂದು ಗಸಗಸೆ ಬರಿದೇನಲ್ಲ: ಒಂದು ದೊಡ್ಡ ಚಮಚದಲ್ಲಿ 120 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ, ಸುಮಾರು 30 ಮಿಲಿಗ್ರಾಂ ಮೆಗ್ನೀಸಿಯಂ ಇದೆ.

ರಾತ್ರಿಗೆ ಮಾಡುವಾಗ ಹಬ್ಬದ ಅಳತೆ ಬೇಡ. ನಾಲ್ಕು ಸಣ್ಣ ಲೋಟಕ್ಕೆ 2 ದೊಡ್ಡ ಚಮಚ ಗಸಗಸೆ, 1 ದೊಡ್ಡ ಚಮಚ ಅಕ್ಕಿ, ಕಾಲು ಬಟ್ಟಲು ತೆಂಗಿನ ತುರಿ, ಕಾಲು ಬಟ್ಟಲು ಬೆಲ್ಲದ ಪುಡಿ, 1 ಬಟ್ಟಲು ಹಾಲು, 2 ಏಲಕ್ಕಿ ಸಾಕು. ಕಾಯಿ ಹೆಚ್ಚಾದರೆ ಕೊಬ್ಬು ಹೆಚ್ಚಾಗಿ ಜೀರ್ಣ ನಿಧಾನವಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗಸಗಸೆಯನ್ನು ಘಮ ಬರುವವರೆಗೆ, ಎರಡು ಮೂರು ನಿಮಿಷ ಹುರಿಯಿರಿ. ಕಂದು ತಿರುಗಿದರೆ ಪಾಯಸ ಪೂರ್ತಿ ಕಹಿ, ಮತ್ತೆ ಸರಿಪಡಿಸಲಾಗದು. ಅಕ್ಕಿಯನ್ನು ಬೇರೆಯಾಗಿ ಹುರಿದು, ಎರಡನ್ನೂ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ರುಬ್ಬುವಾಗ ಮೊದಲು ಇವೆರಡನ್ನೇ, ತೀರಾ ಕಡಿಮೆ ನೀರಿನಲ್ಲಿ ರುಬ್ಬಬೇಕು. ನೀರು ಜಾಸ್ತಿಯಾದರೆ ಸಣ್ಣ ಬೀಜ ಮಿಕ್ಸಿಯ ಬ್ಲೇಡಿಗೆ ಸಿಗದೆ ಜಾರುತ್ತದೆ, ಪಾಯಸ ತರಿತರಿಯಾಗುತ್ತದೆ. ನುಣ್ಣಗಾದ ಮೇಲೆ ಕಾಯಿ, ಏಲಕ್ಕಿ ಸೇರಿಸಿ. ಎರಡು ಬಟ್ಟಲು ನೀರಿನೊಂದಿಗೆ ಕೈಬಿಡದೆ ತಿರುಗಿಸುತ್ತ ಎಂಟು ಹತ್ತು ನಿಮಿಷ ಕುದಿಸಿ. ಅಕ್ಕಿ ಇರುವುದರಿಂದ ತಳ ಹಿಡಿಯುತ್ತದೆ. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಹಾಕಿ. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಕಾಯಿಸಿ ಆರಿಸಿದ ಹಾಲು ಬೆರೆಸಿ. ಕುದಿಯುವ ಬೆಲ್ಲಕ್ಕೆ ಹಾಲು ಸುರಿದರೆ ಒಡೆಯುವ ಸಂಭವ ಹೆಚ್ಚು.

ಗಸಗಸೆಯ ಸುಮಾರು ಅರ್ಧ ತೂಕ ಎಣ್ಣೆಯೇ, ಬೇಗ ಕಮಟುತ್ತದೆ. 50 ಗ್ರಾಂ ಪೊಟ್ಟಣ ಕೊಂಡು ಫ್ರಿಜ್‌ನಲ್ಲಿಡಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ. ಗಲ್ಫ್‌ಗೆ ಹೋಗುವವರಿಗೆ ಒಂದು ಮುಖ್ಯ ಮಾತು: ಯುಎಇ ಮತ್ತು ಸೌದಿ ಅರೇಬಿಯಾದಲ್ಲಿ ಗಸಗಸೆ ನಿಷಿದ್ಧ. ಮಸಾಲೆ ಪುಡಿಯ ಪೊಟ್ಟಣದಲ್ಲೂ ಕಳಿಸಬೇಡಿ. ಕೆಲಸಕ್ಕಾಗಿ ಅಥವಾ ಕ್ರೀಡೆಗಾಗಿ ಮೂತ್ರದ ಮಾದಕ ಪರೀಕ್ಷೆ ಇದ್ದರೆ ಹಲವು ದಿನ ಮೊದಲೇ ಗಸಗಸೆ ಬಿಡಿ. ಅಮೆರಿಕದ ರಕ್ಷಣಾ ಇಲಾಖೆ 2023ರಲ್ಲಿ ತನ್ನ ಸೈನಿಕರಿಗೆ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿತ್ತು.

ಜಾಯಿಕಾಯಿ ವಿಷಯದಲ್ಲಿ ಅಳತೆಯೇ ಎಲ್ಲ. ತೇಯುವ ಕಲ್ಲಿನ ಮೇಲೆ ನಾಲ್ಕೈದು ಸುತ್ತು ತೇಯ್ದು ಹಾಲಿಗೆ ಬೆರೆಸುವಷ್ಟು ಸಾಕು, ಅದೂ ಪರಿಮಳಕ್ಕೆ. ಒಂದೆರಡು ಚಮಚ ಪುಡಿ ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಬಾಯಿ ಒಣಗುವಿಕೆ, ಭ್ರಮೆ ಕಾಣಿಸಿಕೊಳ್ಳುತ್ತವೆ. ಪರಿಣಾಮ ಶುರುವಾಗಲು ಹಲವು ಗಂಟೆ ಹಿಡಿಯುವುದರಿಂದ, ಏನೂ ಆಗಲಿಲ್ಲವೆಂದು ಮತ್ತಷ್ಟು ತೆಗೆದುಕೊಳ್ಳುವುದೇ ಅಪಾಯ. ಹಸುಗೂಸು ನಿದ್ದೆ ಮಾಡಲೆಂದು ಇದನ್ನು ನೆಕ್ಕಿಸುವುದನ್ನು ದಯವಿಟ್ಟು ಬಿಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಸಂಜೆ ಕಾಫಿಯ ಜಾಗಕ್ಕೆ ನಮ್ಮ ಮೊದಲ ಆಯ್ಕೆ ಮಲೆನಾಡು, ಕರಾವಳಿಯ ಕೊತ್ತಂಬರಿ-ಜೀರಿಗೆ ಕಷಾಯ. ಲೋಟ, ಬಿಸಿ, ಪರಿಮಳ ಎಲ್ಲ ಇದೆ, ಕೆಫೀನ್ ಇಲ್ಲ. 1 ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, 1 ದೊಡ್ಡ ಚಮಚ ಸೋಂಪು, ಅರ್ಧ ಚಮಚ ಮೆಂತ್ಯವನ್ನು ಬೆಚ್ಚಗಾಗುವಷ್ಟೇ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿರುವಾಗ ಪುಡಿ ಮಾಡಿ ಡಬ್ಬಿಗೆ ತುಂಬಿದರೆ ಬೆವರಿ ಮುಗ್ಗುತ್ತದೆ. ಒಂದು ಲೋಟ ನೀರಿಗೆ 1 ಚಮಚ ಪುಡಿ, ಮೂರು ನಾಲ್ಕು ನಿಮಿಷ ಕುದಿಸಿ, ಬೇಕಾದರೆ ಹಾಲು. ಎದೆಯುರಿ ಇರುವವರು ಕಾಳುಮೆಣಸು, ಶುಂಠಿ ಸೇರಿಸಬಾರದು. ಜೇಷ್ಠಮಧು ಹಾಕುವ ಮನೆಗಳಲ್ಲಿ ರಕ್ತದೊತ್ತಡ ಇರುವವರಿಗೆ ಅದಿಲ್ಲದ ಪುಡಿ ಮಾಡಿ. ದಿನವೂ ಸೇವಿಸಿದರೆ ಅದು ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಒಂದೆಲಗದ ತಂಬುಳಿ ಮಧ್ಯಾಹ್ನದ ಊಟಕ್ಕೆ ಸೊಗಸು, ಆದರೆ ಅದರಿಂದ ಆ ರಾತ್ರಿಯೇ ನಿದ್ದೆ ಬರುತ್ತದೆಂದು ಕಾಯಬೇಡಿ.

ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿದಿರಲಿ, ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಹುಳಿ ಮೇಲೆ ಬರುತ್ತದೆ. ಮದ್ಯ ಬೇಗ ಮಲಗಿಸಿದರೂ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಒಡೆಯುತ್ತದೆ. ನಿದ್ದೆ ಮಾತ್ರೆ ಅಥವಾ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಹಾಲಿಗೆ ಅಶ್ವಗಂಧ ಬೆರೆಸುವ ಮೊದಲು ವೈದ್ಯರನ್ನು ಕೇಳಲೇಬೇಕು, ಗರ್ಭಿಣಿಯರಿಗೆ ಅದು ಬೇಡವೇ ಬೇಡ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆಗೆಟ್ಟಿದ್ದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತಿದೆ ಎಂದು ಮನೆಯವರು ಹೇಳಿದ್ದರೆ, ಪಾಯಸ, ಕಷಾಯಗಳನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಿ. ಮನಸ್ಸಿನ ಕಳವಳವೇ ಕಾರಣ ಅನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.